ಎಷ್ಟು ದೂರ ಹಾರೀತು? ಜಪಾನಿನ ಒಂದು ಬಾಂಬರ್ ಮತ್ತು ಬೆಂಗಳೂರಿನ ಕಾರ್ಖಾನೆ

ಮಕ್ಕಳೇ, ನವಲಗುಂದ ತಾಲ್ಲೂಕಿನ ತಿರ್ಲಾಪುರದ ಶಾಲೆಯಲ್ಲಿ ಒಂದು ದಿನ ಏಳನೇ ತರಗತಿಯವರಿಗೆ ನೆರಳಿನ ಉದ್ದ ಅಳೆಯುವುದನ್ನು ತೋರಿಸುತ್ತಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯಿಂದ ಮೇಲೇರಿದ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ನೆರಳೂ ಮರೆಯಿತು, ಅಳತೆಪಟ್ಟಿಯೂ ಮರೆಯಿತು. ಎಲ್ಲರ ಕತ್ತು ಮೇಲಕ್ಕೆ! ವಿಮಾನ ಕಣ್ಮರೆಯಾದ ಮೇಲೆ ಒಬ್ಬ ಹುಡುಗಿ ಕೇಳಿದಳು:

"ಸರ್, ಒಮ್ಮೆ ಟಾಕಿ ತುಂಬಿಸಿದ್ರ ಅದು ಎಷ್ಟ ದೂರ ಹೋಗ್ತೈತ್ರಿ?"

"ಟಾಕಿ ಎಷ್ಟು ದೊಡ್ಡದು ಅನ್ನೋದರ ಮೇಲೆ ಅದ ನೋಡವ್ವಾ" ಎಂದೆ.

"ಹಂಗಾದ್ರ ದೊಡ್ಡ ಟಾಕಿನ ಇಟ್ರ ಆತಲ್ರಿ?"

ಎಲ್ಲರೂ ನಕ್ಕರು. ಆದರೆ ಇದು ನಗುವಂಥ ಪ್ರಶ್ನೆಯಲ್ಲ. ಸುಮಾರು ಎಂಬತ್ತೆಂಟು ವರ್ಷಗಳ ಹಿಂದೆ ಜಪಾನಿನ ನೌಕಾಪಡೆ ಹೇಳಿದ್ದೂ ಇದನ್ನೇ. ದೊಡ್ಡ ಟಾಕಿ ಇಟ್ಟರು. ಆಮೇಲೆ ಏನಾಯಿತು? ಆ ಕಥೆಯ ಒಂದು ತುದಿ ನಮ್ಮ ಬೆಂಗಳೂರಿನಲ್ಲೂ ಇದೆ. ಬನ್ನಿ, ನೋಡೋಣ.

ಮೊದಲು ಚಕ್ಕಡಿಯ ಲೆಕ್ಕ

ಹತ್ತಿ ಹೇರಿಕೊಂಡು ಚಕ್ಕಡಿಯಲ್ಲಿ ದೂರದ ಪೇಟೆಗೆ ಹೋಗುತ್ತಿದ್ದ ಕಾಲದ ಸಂಗತಿಯನ್ನು ನಿಮ್ಮ ಅಜ್ಜನ ಬಾಯಿಂದ ಕೇಳಿರಬಹುದು. ದಾರಿಯಲ್ಲಿ ಎತ್ತುಗಳಿಗೆ ಮೇವು ಬೇಕು. ಒಂದು ದಿನದ ದಾರಿಯಾದರೆ ನಾಲ್ಕು ಸೂಡು ಕಣಕಿ ಸಾಕು. ನಾಲ್ಕು ದಿನದ ದಾರಿಯಾದರೆ? ಕಣಕಿಯೇ ಅರ್ಧ ಚಕ್ಕಡಿ ತುಂಬುತ್ತದೆ. ಹತ್ತಿ ಕಡಿಮೆ ಹೇರಬೇಕಾಗುತ್ತದೆ. ಇನ್ನೂ ಒಂದು ತೊಡಕಿದೆ. ಆ ಕಣಕಿಯನ್ನು ಎಳೆಯುವುದೂ ಅದೇ ಎತ್ತುಗಳೇ! ಭಾರ ಹೆಚ್ಚಾದಷ್ಟೂ ಅವು ಹೆಚ್ಚು ದಣಿಯುತ್ತವೆ, ಹೆಚ್ಚು ತಿನ್ನುತ್ತವೆ.

ವಿಮಾನಕ್ಕೂ ಇದೇ ಲೆಕ್ಕ, ಇನ್ನೂ ಕಟ್ಟುನಿಟ್ಟಾಗಿ. ಚಕ್ಕಡಿಯ ಭಾರವನ್ನು ನೆಲ ಹೊತ್ತುಕೊಳ್ಳುತ್ತದೆ. ವಿಮಾನದ ಭಾರವನ್ನು ಅದರ ರೆಕ್ಕೆಗಳೇ ಗಾಳಿಯಲ್ಲಿ ಎತ್ತಿ ಹಿಡಿಯಬೇಕು. ಆದ್ದರಿಂದ ವಿಮಾನ ರೂಪಿಸುವ ಎಂಜಿನಿಯರ್ ಪ್ರತಿ ಕೆ.ಜಿ.ಗೂ ಲೆಕ್ಕ ಇಡುತ್ತಾನೆ. ಇಂಧನ, ಸಾಮಾನು, ಜನ, ಅವರ ರಕ್ಷಣೆಗೆ ಬೇಕಾದ ಉಕ್ಕಿನ ತಗಡು, ಇವುಗಳಲ್ಲಿ ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಇಳಿಸಬೇಕು.

ನೌಕಾಪಡೆಯ ಬೇಡಿಕೆ

ಯುದ್ಧದಲ್ಲಿ ಬಾಂಬು ಹೊತ್ತೊಯ್ದು ಬೀಳಿಸುವ ವಿಮಾನಕ್ಕೆ ಬಾಂಬರ್ ಎಂದು ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡು ಇಂಜಿನ್ನಿನ ನಡುಗಾತ್ರದವನ್ನು ಮಧ್ಯಮ ಬಾಂಬರ್ ಎಂದೂ ನಾಲ್ಕು ಇಂಜಿನ್ನಿನ ದೊಡ್ಡವನ್ನು ಭಾರಿ ಬಾಂಬರ್ ಎಂದೂ ಸಾಮಾನ್ಯವಾಗಿ ಕರೆಯುತ್ತಿದ್ದರು.

ಜಪಾನ್ ದ್ವೀಪಗಳ ದೇಶ. ಅದರ ಎದುರಿಗಿರುವುದು ಪೆಸಿಫಿಕ್ ಮಹಾಸಾಗರ. ಸಮುದ್ರದ ಮೇಲೆ ಬಹುದೂರ ಹೋಗಿ ಶತ್ರು ಹಡಗುಗಳನ್ನು ಹೊಡೆದು ಬರುವ ವಿಮಾನ ತನಗೆ ಬೇಕೆಂದು ಅದರ ನೌಕಾಪಡೆ 1937ರಲ್ಲಿ ಮಿತ್ಸುಬಿಷಿ ಕಂಪನಿಗೆ ಹೇಳಿತು. ಬರಿದಾಗಿ ಹಾರಿದರೆ 4,700 ಕಿ.ಮೀ.ಗೂ ಹೆಚ್ಚು, 800 ಕೆ.ಜಿ. ತೂಕದ ಟಾರ್ಪಿಡೊ ಹೊತ್ತರೆ 3,700 ಕಿ.ಮೀ. ಹಾರಬೇಕು. ಟಾರ್ಪಿಡೊ ಎಂದರೆ ನೀರಿನೊಳಗೆ ಈಜಿಹೋಗಿ ಹಡಗಿಗೆ ಡಿಕ್ಕಿ ಹೊಡೆದು ಸಿಡಿಯುವ ಆಯುಧ. ಇಷ್ಟೆಲ್ಲ ಕೆಲಸ ಮಾಡುವ ವಿಮಾನಕ್ಕೆ ಇಂಜಿನ್ ಮಾತ್ರ ಎರಡೇ ಇರಬೇಕು!

ಮಿತ್ಸುಬಿಷಿಯ ಎಂಜಿನಿಯರ್ ಕಿರೊ ಹೊಂಜೊ ಲೆಕ್ಕ ಹಾಕಿ ನೋಡಿದರು. ಎರಡು ಇಂಜಿನ್ನಿನಿಂದ ಅಷ್ಟು ದೂರ ಹಾರಿಸಬಹುದು, ಆದರೆ ಟಾಕಿಗೂ ಜನರಿಗೂ ರಕ್ಷಣೆ ಕೊಡಲು ತೂಕ ಉಳಿಯುವುದಿಲ್ಲ. ನಾಲ್ಕು ಇಂಜಿನ್ ಇಡೋಣ, ಆಗ ರಕ್ಷಣೆಯೂ ಕೊಡಬಹುದು ಎಂದು ಅವರು ಸೂಚಿಸಿದರು. ನೌಕಾಪಡೆಯ ಅಧಿಕಾರಿಗಳು ಒಪ್ಪಲಿಲ್ಲ. ಆ ವಿಮಾನದಲ್ಲಿ ಕುಳಿತು ಹೋಗುವವರನ್ನು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದರೋ!

1939ರ ಅಕ್ಟೋಬರ್ 23ರಂದು ಹೊಸ ವಿಮಾನ ಮೊದಲ ಸಲ ಹಾರಿತು. ಅದರ ಹೆಸರು ಜಿ4ಎಂ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 25 ಮೀಟರ್, ಉದ್ದ ಸುಮಾರು 20 ಮೀಟರ್. ಒಳಗೆ ಏಳು ಜನ. ನಡು ದಪ್ಪಗೆ, ಎರಡೂ ತುದಿ ಮೊಂಡಾಗಿ ಇದ್ದುದರಿಂದ ಅದನ್ನು ಓಡಿಸುವವರೇ 'ಹಮಾಕಿ' ಎಂದು ಅಡ್ಡಹೆಸರಿಟ್ಟರು. ಹಮಾಕಿ ಎಂದರೆ ಚುಟ್ಟಾ. ಶತ್ರುಪಕ್ಷದವರು ಅದನ್ನು 'ಬೆಟ್ಟಿ' ಎಂದು ಕರೆದರು.

ಟಾಕಿ ಎಲ್ಲಿತ್ತು? ರೆಕ್ಕೆಗಳ ಒಳಗೇ. ಬೇರೆ ಡಬ್ಬಿ ಮಾಡಿ ಒಳಗಿಟ್ಟರೆ ಆ ಡಬ್ಬಿಯದೂ ತೂಕವಲ್ಲವೇ? ಅದಕ್ಕೆ ರೆಕ್ಕೆಯ ತಗಡನ್ನೇ ಟಾಕಿಯ ಗೋಡೆ ಮಾಡಿದರು. ಅದರಲ್ಲಿ ಸುಮಾರು 5,000 ಲೀಟರ್ ಪೆಟ್ರೋಲು ಹಿಡಿಯುತ್ತಿತ್ತು. ಒಂದು ಲೀಟರ್ ವಿಮಾನದ ಪೆಟ್ರೋಲು ಸುಮಾರು 720 ಗ್ರಾಂ ತೂಗುತ್ತದೆ. ಹಾಗಾದರೆ ಟಾಕಿ ತುಂಬಿದಾಗ ಪೆಟ್ರೋಲಿನ ತೂಕವೇ ಸುಮಾರು 3,600 ಕೆ.ಜಿ. ಖಾಲಿ ವಿಮಾನದ ತೂಕ ಸುಮಾರು 6,800 ಕೆ.ಜಿ. ಅಂದರೆ ತನ್ನ ಮೈತೂಕದ ಅರ್ಧಕ್ಕಿಂತ ಹೆಚ್ಚು ಪೆಟ್ರೋಲನ್ನೇ ಹೊತ್ತು ಹಾರುವ ವಿಮಾನ ಇದು! ಚಕ್ಕಡಿಯ ತುಂಬ ಕಣಕಿ ಹೇರಿದ ಹಾಗೆ.

ಗೆದ್ದದ್ದೂ ಟಾಕಿಯಿಂದ, ಸೋತದ್ದೂ ಟಾಕಿಯಿಂದ

ಮೊದಮೊದಲು ಲೆಕ್ಕ ಸರಿಯಾಗಿಯೇ ಕಂಡಿತು. 1941ರ ಡಿಸೆಂಬರ್ 10ರಂದು ಬ್ರಿಟನ್ನಿನ 'ಪ್ರಿನ್ಸ್ ಆಫ್ ವೇಲ್ಸ್' ಮತ್ತು 'ರಿಪಲ್ಸ್' ಎಂಬ ಎರಡು ಭಾರಿ ಯುದ್ಧನೌಕೆಗಳು ಮಲಯಾದ ಹತ್ತಿರದ ಸಮುದ್ರದಲ್ಲಿದ್ದವು. ಅಷ್ಟು ದೂರಕ್ಕೆ ನೆಲದಿಂದ ಬಾಂಬರ್‌ಗಳು ಬಂದಾವು ಎಂದು ಬ್ರಿಟಿಷರು ಎಣಿಸಿರಲಿಲ್ಲ. ಈಗಿನ ವಿಯೆಟ್ನಾಮಿನ ಸೈಗಾನ್ ಸುತ್ತಲಿನ ನಿಲ್ದಾಣಗಳಿಂದ ಜಿ4ಎಂ ಹಾಗೂ ಅದಕ್ಕಿಂತ ಹಳೆಯ ಜಿ3ಎಂ ವಿಮಾನಗಳು ಹಾರಿಬಂದು ಎರಡನ್ನೂ ಮುಳುಗಿಸಿದವು. ಎಂಟುನೂರಕ್ಕೂ ಹೆಚ್ಚು ನಾವಿಕರು ಸತ್ತರು.

ಆಮೇಲೆ ಎದುರಾಳಿಗಳ ಯುದ್ಧವಿಮಾನಗಳು ಜಿ4ಎಂ ಅನ್ನು ಆಕಾಶದಲ್ಲಿ ಅಡ್ಡಗಟ್ಟತೊಡಗಿದವು. ಆಗ ಹೊಂಜೊ ಹೇಳಿದ್ದು ನಿಜವಾಯಿತು. ರೆಕ್ಕೆಗೆ ಕೆಲವು ಗುಂಡು ತಗಲಿದರೆ ಸಾಕು, ಪೆಟ್ರೋಲು ಸೋರಿ ಬೆಂಕಿ ಹತ್ತುತ್ತಿತ್ತು. ಏಳೂ ಜನರು ಅದರೊಂದಿಗೇ ಉರಿದುಹೋಗುತ್ತಿದ್ದರು. ಚುಟ್ಟಾ ಎಂದು ತಮಾಷೆಗೆ ಇಟ್ಟ ಹೆಸರು ಈಗ ತಮಾಷೆಯಾಗಿ ಉಳಿಯಲಿಲ್ಲ. ಜಪಾನಿನ ನೌಕಾಪಡೆಯ ಮುಖ್ಯ ಸೇನಾಪತಿ ಅಡ್ಮಿರಲ್ ಯಮಾಮೊಟೊ ಸತ್ತದ್ದೂ ಇದೇ ಜಾತಿಯ ವಿಮಾನದಲ್ಲಿ, 1943ರ ಏಪ್ರಿಲ್ 18ರಂದು.

ಬೇರೆ ದೇಶದವರು ಈ ತೊಂದರೆಗೆ ಏನು ಮಾಡಿದ್ದರು? ತಾನೇ ಮುಚ್ಚಿಕೊಳ್ಳುವ ಟಾಕಿ! ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಪಂಕ್ಚರ್ ಹಾಕುವುದನ್ನು ನೋಡಿದ್ದೀರಲ್ಲ, ಇಲ್ಲಿ ಟಾಕಿಯೇ ತನ್ನ ಪಂಕ್ಚರ್ ಹಾಕಿಕೊಳ್ಳುತ್ತದೆ. ಅದರ ಗೋಡೆಯಲ್ಲಿ ರಬ್ಬರಿನ ಪದರಗಳಿರುತ್ತವೆ. ಒಂದು ಪದರ ಹದ ಮಾಡದ ಹಸಿ ರಬ್ಬರಿನದು. ಪೆಟ್ರೋಲು ತಗಲಿದರೆ ಹಸಿ ರಬ್ಬರು ಉಬ್ಬುತ್ತದೆ. ಗುಂಡು ತೂರಿ ತೂತಾದಾಗ ಸೋರುವ ಪೆಟ್ರೋಲು ಆ ಪದರಕ್ಕೆ ತಾಗುತ್ತದೆ, ರಬ್ಬರು ಉಬ್ಬಿ ತೂತನ್ನು ಮುಚ್ಚುತ್ತದೆ. ಸೋರುವ ಪೆಟ್ರೋಲೇ ಸೋರಿಕೆ ನಿಲ್ಲಿಸುತ್ತದೆ, ಎಂಥ ಜಾಣತನ ನೋಡಿ! ಆದರೆ ಈ ಪದರಗಳಿಗೆ ತೂಕವಿದೆ, ಅವು ಟಾಕಿಯಲ್ಲಿ ಜಾಗವನ್ನೂ ತಿನ್ನುತ್ತವೆ. ಜಪಾನ್ ಬಿಟ್ಟದ್ದು ಇದನ್ನೇ. ರಬ್ಬರು ಬೆಳೆಯುವ ಮಲಯಾ 1942ರಲ್ಲಿ ಅದರ ಕೈಗೇ ಬಂದಿತ್ತು ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಕೊರತೆ ರಬ್ಬರಿನದಲ್ಲ, ತೂಕದ್ದು.

ಕೊನೆಕೊನೆಗೆ ಜಿ4ಎಂನ ಹೊಸ ಮಾದರಿಯಲ್ಲಿ ರಕ್ಷಣೆಯ ಟಾಕಿ ಇಟ್ಟರು. ಅದರಲ್ಲಿ ಪೆಟ್ರೋಲು ಕಡಿಮೆ ಹಿಡಿಯುತ್ತಿತ್ತು. ಅಂಥವು ತಯಾರಾದದ್ದು ಬಹಳ ಕಡಿಮೆ. ಒಟ್ಟು 2,400ರಷ್ಟು ಜಿ4ಎಂಗಳಲ್ಲಿ ಹೆಚ್ಚಿನವು ಹಳೆಯ ಬಗೆಯವೇ.

ಬೆಂಗಳೂರಿಗೆ ಎಷ್ಟು ದೂರ?

ಈಗ ನಮ್ಮ ನಾಡಿಗೆ ಬರೋಣ. 1941ರ ಡಿಸೆಂಬರ್ 23ರಂದು ಜಪಾನಿನ ಬಾಂಬರ್‌ಗಳು ಬರ್ಮಾದ ರಂಗೂನ್ ಮೇಲೆ ದಾಳಿ ಮಾಡಿದವು. 1942ರ ಮಾರ್ಚಿನಲ್ಲಿ ರಂಗೂನ್, ಅಂಡಮಾನ್ ದ್ವೀಪಗಳು ಎರಡೂ ಜಪಾನಿನ ವಶವಾದವು. ಏಪ್ರಿಲ್ 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿದ್ದವು. (ಈ ಏಪ್ರಿಲಿನ ದಾಳಿಗೆ ಬಂದವು ಹಡಗಿನ ಮೇಲಿಂದ ಹಾರಿದ ಚಿಕ್ಕ ವಿಮಾನಗಳು, ನಮ್ಮ ಚುಟ್ಟಾ ಅಲ್ಲ.) 1943ರ ಡಿಸೆಂಬರ್ 5ರಂದು ಕಲ್ಕತ್ತಾದ ಖಿದಿರ್‌ಪುರ ಬಂದರಿನ ಮೇಲೆ ಹಗಲು ಹೊತ್ತಿನಲ್ಲಿ ನಡೆದ ದಾಳಿಯಲ್ಲಿ ಜಿ4ಎಂಗಳೂ ಇದ್ದವು. ಬಂದರಿನಲ್ಲಿ ದುಡಿಯುತ್ತಿದ್ದ ನೂರಾರು ಜನ ಅಂದು ಸತ್ತರು.

ಅಟ್ಲಾಸ್ ತೆಗೆಯಿರಿ. ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ ನೇರ ದೂರ ಸುಮಾರು 1,650 ಕಿ.ಮೀ. ಹೋಗಿ ಬರಲು 3,300. ಟಾರ್ಪಿಡೊ ಹೊತ್ತು 3,700 ಕಿ.ಮೀ. ಹಾರಬೇಕೆಂದು ನೌಕಾಪಡೆ ಕೇಳಿತ್ತಲ್ಲವೇ? ಕಾಗದದ ಮೇಲೆ ಬೆಂಗಳೂರು ಆ ಅಳತೆಯೊಳಗೆ ಬೀಳುತ್ತದೆ! ನಿಜವಾಗಿ ಹಾರುವಾಗ ಎದುರುಗಾಳಿ, ಮೋಡ, ದಾರಿ ತಪ್ಪುವುದು, ನಡುವೆ ಕಾದಾಟ ಎಲ್ಲಕ್ಕೂ ಇಂಧನ ಉಳಿಸಿಕೊಳ್ಳಬೇಕು. ಅಂಥ ದಾಳಿ ನಡೆಯಲೇ ಇಲ್ಲ, ಬೆಂಗಳೂರಿನ ಮೇಲೆ ಒಂದು ಬಾಂಬೂ ಬೀಳಲಿಲ್ಲ. ಆದರೆ 1942ರಲ್ಲಿ ಇದು ಯಾರಿಗೆ ಖಾತ್ರಿಯಿತ್ತು?

ಬೆಂಗಳೂರಿಗಾಗಿ ಇಷ್ಟು ಯೋಚನೆ ಏಕೆಂದರೆ ಅಲ್ಲಿ ವಿಮಾನ ಕಾರ್ಖಾನೆ ಇತ್ತು. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್ 23ರಂದು 'ಹಿಂದೂಸ್ತಾನ್ ಏರ್‌ಕ್ರಾಫ್ಟ್' ಕಂಪನಿಯನ್ನು ಕಟ್ಟಿದ್ದರು. ರಂಗೂನ್ ಮೇಲೆ ಬಾಂಬು ಬಿದ್ದದ್ದು ಸರಿಯಾಗಿ ಅದಕ್ಕೆ ಒಂದು ವರ್ಷ ತುಂಬಿದ ದಿನ! ಆಗ ಮೈಸೂರಿನ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಜಮೀನು, ವಿದ್ಯುತ್ತು ಮೈಸೂರು ಸರ್ಕಾರದಿಂದ, ಯಂತ್ರಗಳು ಅಮೆರಿಕದಿಂದ. 1941ರ ಆಗಸ್ಟ್ ತಿಂಗಳಲ್ಲೇ ಅಲ್ಲಿ ಜೋಡಿಸಿದ 'ಹಾರ್ಲೋ' ಎಂಬ ತರಬೇತಿ ವಿಮಾನ ಹಾರಿತು.

ಜಪಾನ್ ಹತ್ತಿರ ಬಂದಂತೆ ಲೆಕ್ಕ ಬದಲಾಯಿತು. 1942ರ ಏಪ್ರಿಲಿನಲ್ಲಿ ಭಾರತ ಸರ್ಕಾರ ವಾಲಚಂದರ ಪಾಲನ್ನು ಕೊಂಡುಕೊಂಡು ಕಾರ್ಖಾನೆಯನ್ನು ತಾನೇ ನಡೆಸತೊಡಗಿತು. 1943ರಲ್ಲಿ ಅದು ಅಮೆರಿಕದ ಸೇನೆಯ ಕೈಗೆ ಹೋಯಿತು. ಹೊಸ ವಿಮಾನ ಕಟ್ಟುವ ಕೆಲಸ ಹಿಂದೆ ಬಿತ್ತು. ಬರ್ಮಾ, ಚೀನಾದ ಕಡೆ ಹಾರಾಡಿ ಸವೆದ ವಿಮಾನಗಳು ಬೆಂಗಳೂರಿಗೆ ರಿಪೇರಿಗೆ ಬರತೊಡಗಿದವು: ಡಕೋಟಾ ಸಾರಿಗೆ ವಿಮಾನ, ಮಿಚೆಲ್ ಎಂಬ ಅಮೆರಿಕದ ಮಧ್ಯಮ ಬಾಂಬರ್, ನೀರಿನ ಮೇಲೆ ಇಳಿಯುವ ಕ್ಯಾಟಲೀನಾ. ಕ್ಯಾಟಲೀನಾ ಎಲ್ಲಿ ಇಳಿಯುತ್ತಿತ್ತು ಗೊತ್ತೇ? ಬೆಳ್ಳಂದೂರು ಕೆರೆಯಲ್ಲಿ!

ಇಂಜಿನ್ ಬಿಚ್ಚಿ, ತೊಳೆದು, ಸವೆದ ಭಾಗ ತೆಗೆದು, ಹೊಸದನ್ನು ಕೂಡಿಸಿ, ಮತ್ತೆ ಓಡಿಸಿ ನೋಡುವ ಕೆಲಸ ಅದು. ನಮ್ಮ ಕೆಲಸಗಾರರು ವರ್ಷಗಟ್ಟಲೆ ಅದನ್ನು ಮಾಡಿದರು. ವಿಮಾನವನ್ನು ಒಳಗಿನಿಂದ ಬಲ್ಲ ಕೈಗಳು ಹಾಗೆ ತಯಾರಾದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದದ್ದೂ 1942ರಲ್ಲೇ.

ಇತ್ತ ಯುದ್ಧ ಮುಗಿದಾಗ ನಮ್ಮ ಚುಟ್ಟಾಕ್ಕೆ ಒಂದು ಕೊನೆಯ ಕೆಲಸ ಬಂತು. ಶರಣಾಗತಿಯ ಮಾತುಕತೆಗೆ ಜಪಾನಿನ ಪ್ರತಿನಿಧಿಗಳನ್ನು ಹೊತ್ತು 1945ರ ಆಗಸ್ಟ್ 19ರಂದು ಎರಡು ಜಿ4ಎಂಗಳು ಹೊರಟವು. ಮೈಗೆಲ್ಲ ಬಿಳಿ ಬಣ್ಣ, ಮೇಲೆ ಹಸಿರು ಕೂಡುಗುರುತು. ಮರಳುವಾಗ ಅವುಗಳಲ್ಲಿ ಒಂದಕ್ಕೆ ದಾರಿಯಲ್ಲೇ ಪೆಟ್ರೋಲು ತೀರಿ, ರಾತ್ರಿ ಕಡಲದಂಡೆಯ ಮೇಲೆ ಇಳಿಯಬೇಕಾಯಿತು. ದೂರ ಹಾರಲೆಂದೇ ಹುಟ್ಟಿದ ವಿಮಾನ!

ಕಾನ್ಪುರದ ಮುರುಕು ರಾಶಿ

ನಾಲ್ಕು ಇಂಜಿನ್ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳುವಿರಾ? ಅಂಥದ್ದೊಂದನ್ನು ಅಮೆರಿಕ ಮಾಡಿತ್ತು. ಅದರ ಹೆಸರು ಬಿ-24 ಲಿಬರೇಟರ್. ರೆಕ್ಕೆಯಗಲ 33.5 ಮೀಟರ್. ತಲಾ 1,200 ಅಶ್ವಶಕ್ತಿಯ ನಾಲ್ಕು ಇಂಜಿನ್. ಖಾಲಿ ತೂಕವೇ ಸುಮಾರು 16,500 ಕೆ.ಜಿ., ಅಂದರೆ ಜಿ4ಎಂನ ಎರಡರಷ್ಟಕ್ಕಿಂತ ಹೆಚ್ಚು. ಉದ್ದನೆಯ ಕಿರಿದಾದ ರೆಕ್ಕೆ ಇದ್ದುದರಿಂದ ದೂರವೂ ಹಾರುತ್ತಿತ್ತು. ತಾನೇ ಮುಚ್ಚಿಕೊಳ್ಳುವ ಟಾಕಿಯೂ ಇತ್ತು. ಹಾಗೆಂದು ಅದಕ್ಕೆ ಬೆಂಕಿಯೇ ಬೀಳುತ್ತಿರಲಿಲ್ಲ ಎಂದಲ್ಲ, ಅವೂ ಬಹಳಷ್ಟು ಉರುಳಿದವು. ಆದರೆ ರಕ್ಷಣೆಗೆ ಬೇಕಾದ ತೂಕವನ್ನು ಹೊರಲು ಅದಕ್ಕೆ ಶಕ್ತಿ ಇತ್ತು. ಬದಲಿಗೆ ಎರಡು ಇಂಜಿನ್ ಹೆಚ್ಚು ಬೇಕು, ಲೋಹ ಹೆಚ್ಚು ಬೇಕು, ಖರ್ಚೂ ಹೆಚ್ಚು.

ಬ್ರಿಟಿಷ್ ವಾಯುಪಡೆ ಬರ್ಮಾದಲ್ಲಿ ಜಪಾನಿನ ವಿರುದ್ಧ ಲಿಬರೇಟರ್‌ಗಳನ್ನು ಬಳಸಿತ್ತು. ಅವು ಅಮೆರಿಕ ಎರವಲಾಗಿ ಕೊಟ್ಟವು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು, ಇಲ್ಲವೇ ಕೆಡಿಸಬೇಕು ಎಂಬ ಕರಾರು. ಕಾನ್ಪುರದಲ್ಲಿ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ, ಇಂಜಿನ್ನಿಗೆ ಮರಳು ಸುರಿದು, ಮೈಗೆ ಗುದ್ದಲಿಯಿಂದ ತೂತು ಹೊಡೆದು, ಮತ್ತೆ ಯಾರೂ ಹಾರಿಸಬಾರದೆಂದು ಬಿಟ್ಟುಹೋದರು.

ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರು ಕಾನ್ಪುರಕ್ಕೆ ಹೋದರು. ಇದು ಆಗದ ಕೆಲಸ ಎಂದು ಹೊರದೇಶದ ತಜ್ಞರು ಹೇಳಿದ್ದರಂತೆ. ಇವರು ಒಂದರ ಇಂಜಿನ್, ಇನ್ನೊಂದರ ಚಕ್ರ, ಮತ್ತೊಂದರ ತಗಡು ಹೀಗೆ ಆಯ್ದು ಜೋಡಿಸಿದರು. ಪೂರ್ತಿ ದುರಸ್ತಿ ಆಗಬೇಕಾದದ್ದು ಬೆಂಗಳೂರಿನಲ್ಲಿ. ಕಾನ್ಪುರದಲ್ಲಿ ಆಗಬೇಕಾದದ್ದು ಇಷ್ಟೇ: ಒಂದು ಸಲ, 1,500 ಕಿ.ಮೀ. ಹಾರುವಷ್ಟು!

ಹಾರಿಸುವವರು ಯಾರು? ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೇದ್ ಮುನ್ಷಿ. ಎಲ್ಲರೂ ಅವರನ್ನು ಜಿಮ್ಮಿ ಮುನ್ಷಿ ಎನ್ನುತ್ತಿದ್ದರು. ಆ ಮುರುಕು ವಿಮಾನಗಳನ್ನು ಒಂದಾದ ಮೇಲೊಂದರಂತೆ, ಒಟ್ಟು 42, ಅವರು ಬೆಂಗಳೂರಿಗೆ ತಂದಿಳಿಸಿದರು. ಒಮ್ಮೆ ಯೋಚಿಸಿ. ಹರಿದ ಟ್ಯೂಬಿಗೆ ತೇಪೆ ಹಾಕಿದ ಸೈಕಲ್ಲಿನಲ್ಲಿ ಹುಬ್ಬಳ್ಳಿಗೆ ಹೋಗಲು ನಾವು ಅಂಜುತ್ತೇವೆ. ಸೈಕಲ್ ಕೆಟ್ಟರೆ ಇಳಿದು ತಳ್ಳಬಹುದು!

ಬೆಂಗಳೂರಿನಲ್ಲಿ ಅವುಗಳನ್ನು ಪೂರ್ತಿ ಬಿಚ್ಚಿ ಸರಿಮಾಡಿದರು. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ನಿಗೆ ಲಿಬರೇಟರ್‌ಗಳು ಸೇರಿದವು. ಕರಾರಿನ ಪ್ರಕಾರ ಸತ್ತಿರಬೇಕಾಗಿದ್ದ ವಿಮಾನಗಳು ಮುಂದೆ ಇಪ್ಪತ್ತು ವರ್ಷ ಹಾರಿದವು, ಸಮುದ್ರದ ಕಾವಲು ಮಾಡಿದವು. ಕೊನೆಯವು ನಿವೃತ್ತಿಯಾದದ್ದು 1968ರಲ್ಲಿ. ಆ ಹೊತ್ತಿಗೆ ಬೇರೆ ಯಾವ ದೇಶದ ವಾಯುಪಡೆಯಲ್ಲೂ ಲಿಬರೇಟರ್ ಉಳಿದಿರಲಿಲ್ಲ. ಆಗ ಬ್ರಿಟನ್, ಅಮೆರಿಕ, ಕೆನಡಾ ದೇಶದವರು ತಮ್ಮ ಸಂಗ್ರಹಾಲಯಗಳಿಗೆ ಒಂದೊಂದು ಬೇಕೆಂದು ನಮ್ಮ ಹತ್ತಿರವೇ ಬಂದರು. ಒಂದು ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿದೆ.

ಅದೇ ಮುನ್ಷಿ 1951ರಲ್ಲಿ ಇನ್ನೊಂದು ವಿಮಾನವನ್ನು ಮೊದಲ ಸಲ ಮೇಲಕ್ಕೇರಿಸಿದರು. ಡಾ. ವಿ. ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲೇ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಅದು. ಅದರ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ.

ಮಾಡಿ ನೋಡಿ

1. ತೆಳುವಾದ ಪಾಲಿಥಿನ್ ಚೀಲದಲ್ಲಿ ನೀರು ತುಂಬಿ ಬಾಯಿ ಕಟ್ಟಿ. ಚೂಪಾಗಿ ಕೆತ್ತಿದ ಸೀಸದಕಡ್ಡಿಯನ್ನು ಒಂದೇ ಸಲಕ್ಕೆ ಈ ಕಡೆಯಿಂದ ಆ ಕಡೆಗೆ ತೂರಿಸಿ. ನೀರು ಸೋರಿತೇ? ಪಾಲಿಥಿನ್ ಕಡ್ಡಿಯ ಸುತ್ತ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಈಗ ಕಡ್ಡಿ ಹೊರಗೆ ತೆಗೆಯಿರಿ. ಏನಾಯಿತು? ತಾನೇ ಮುಚ್ಚಿಕೊಳ್ಳುವ ಟಾಕಿಗೂ ಈ ಚೀಲಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. (ಪೆಟ್ರೋಲನ್ನು ಯಾವ ಪ್ರಯೋಗಕ್ಕೂ ಮುಟ್ಟಬೇಡಿ.)

2. ಅಟ್ಲಾಸಿನ ಪ್ರಮಾಣ ನೋಡಿ 1,850 ಕಿ.ಮೀ.ಗೆ ಸರಿಯಾದ ದಾರದ ತುಂಡು ಕತ್ತರಿಸಿ. ಅದು 3,700ರ ಅರ್ಧ. ಒಂದು ತುದಿಯನ್ನು ಪೋರ್ಟ್ ಬ್ಲೇರ್ ಮೇಲೆ ಒತ್ತಿ ಹಿಡಿದು ವೃತ್ತ ಎಳೆಯಿರಿ. ಬೆಂಗಳೂರು ಒಳಗೆ ಬಿತ್ತೇ? ಧಾರವಾಡ? ಅರ್ಧವನ್ನೇ ಏಕೆ ತೆಗೆದುಕೊಂಡೆವು?

3. ನೀವು ಹೊಂಜೊ ಅವರ ಜಾಗದಲ್ಲಿದ್ದೀರಿ. ವಿಮಾನಕ್ಕೆ 500 ಕೆ.ಜಿ. ರಬ್ಬರು ಮತ್ತು ಉಕ್ಕಿನ ರಕ್ಷಣೆ ಸೇರಿಸಬೇಕು, ಒಟ್ಟು ತೂಕ ಹೆಚ್ಚಬಾರದು. ಎಷ್ಟು ಲೀಟರ್ ಪೆಟ್ರೋಲು ಬಿಟ್ಟುಕೊಡುವಿರಿ? ಲೆಕ್ಕ ಮಾಡಿ ತರಗತಿಯಲ್ಲಿ ಹೇಳಿ.